ಕೂಸಿನ ಕೌದಿ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸೀರೆಯೊಂದಕ್ಕೆ ಎರಡು ಆಯುಷ್ಯಗಳುಂಟು. ಮೊದಲನೆಯದು ಉಟ್ಟವಳ ಮೈಮೇಲೆ ಕಳೆಯುತ್ತದೆ. ಮದುವೆ, ಜಾತ್ರೆ, ಹಬ್ಬಗಳಲ್ಲಿ ಉಟ್ಟು, ಬರಬರುತ್ತ ಹೊಲಮನೆಯ ಕೆಲಸಕ್ಕೂ ಉಟ್ಟು, ಹಳ್ಳದ ಬಂಡೆಗೆ ಒಗೆದು, ಬಿಸಿಲಿಗೆ ಹರವಿ, ಕೊನೆಗೆ ಅಲ್ಲಲ್ಲಿ ಹಿಂಜಿದಾಗ ಅದರ ಕೆಲಸ ಮುಗಿಯಿತೆಂದು ಪಟ್ಟಣದವರು ತಿಳಿಯುತ್ತಾರೆ. ಹಳ್ಳಿಯ ಮುದುಕಿ ಹಾಗೆ ತಿಳಿಯುವುದಿಲ್ಲ. ಅವಳು ಅದನ್ನು ಮಡಿಸಿ, ಗಂಟು ಕಟ್ಟಿ, ಅಟ್ಟದ ಮೇಲಿಡುತ್ತಾಳೆ. ಮಗಳೋ ಸೊಸೆಯೋ ಹೆರಿಗೆಗೆ ಹತ್ತಿರವಾದಾಗ ಆ ಗಂಟು ಕೆಳಗಿಳಿಯುತ್ತದೆ. ಸೀರೆಯ ಎರಡನೆಯ ಆಯುಷ್ಯ ಅಲ್ಲಿಂದ ಮೊದಲಾಗುತ್ತದೆ. ಅದು ಕೌದಿಯ ಆಯುಷ್ಯ.

ಹಳೆಯ ಬಟ್ಟೆಯ ಪದರಗಳನ್ನು ಒಂದರ ಮೇಲೊಂದು ಹಾಸಿ, ಮೇಲ್ಭಾಗದಲ್ಲಿ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಕೈಸೂಜಿಯಿಂದ ಸಾಲು ಸಾಲಾಗಿ ಹೊಲಿದ ಹಾಸು-ಹೊದಿಕೆಗೆ ಕೌದಿ ಎಂದು ಹೆಸರು. ಬೇಸಗೆಯಲ್ಲಿ ಹೊಲದ ಕೆಲಸ ಬಿಡುವಾದಾಗ ನಾಲ್ಕಾರು ಜನ ಹೆಂಗಸರು ನೆರಳಿನಲ್ಲಿ ಸುತ್ತ ಕುಳಿತು ಇದನ್ನು ಹೊಲಿಯುತ್ತಾರೆ. ಹಾಸಿಗೆಗೆ ಕೌದಿ, ಜಾತ್ರೆಗೆ ಹೊರಟ ಚಕ್ಕಡಿಗೆ ಕೌದಿ, ಬಂದ ಬೀಗರಿಗೆ ಕೌದಿ. ಇವುಗಳಲ್ಲೆಲ್ಲ ತೀರ ಚಿಕ್ಕದು, ಆದರೆ ಹೆಚ್ಚು ಎಚ್ಚರದಿಂದ ಹೊಲಿಯಬೇಕಾದದ್ದು ತೊಟ್ಟಿಲಿನ ಕೂಸಿಗಾಗಿ ಮಾಡುವ ಕೌದಿ.

ಈ ಚಿಕ್ಕ ಕೌದಿಗೆ ಇತ್ತೀಚೆಗೆ ಒಂದು ಬಗೆಯ ನಾಚಿಕೆ ಅಂಟಿಕೊಂಡಿದೆ. ಕೂಸನ್ನು ನೋಡಲು ನೆಂಟರು ಬಂದರೆಂದರೆ ತೊಟ್ಟಿಲಿನಿಂದ ಕೌದಿಯನ್ನು ಸರಕ್ಕನೆ ಎಳೆದು ಬದಿಗಿಡುವುದು, ಅಂಗಡಿಯಿಂದ ತಂದ, ಕರಡಿಯ ಚಿತ್ರವಿರುವ, ನುಣುಪಾದ ಹೊದಿಕೆಯನ್ನು ಹಾಸುವುದು ಅನೇಕ ಮನೆಗಳಲ್ಲಿ ವಾಡಿಕೆಯಾಗಿದೆ. ನೆಂಟರು ಹೋದ ಮೇಲೆ ಕೌದಿ ತನ್ನ ಸ್ಥಾನಕ್ಕೆ ಮರಳಬಹುದು, ಮರಳದಿರಲೂ ಬಹುದು. ಚಿಂದಿಯ ಮೇಲೆ ಮಗುವನ್ನು ಮಲಗಿಸಿದರೆ ಮನೆಯ ಮಾನ ಏನಾದೀತು ಎಂಬುದು ಈ ಅಂಜಿಕೆಯ ಮೂಲ. ಆದರೆ ಈ ಅಂಜಿಕೆಗೆ ಆಧಾರವಿಲ್ಲ. ಬಡತನ ಕೌದಿಯನ್ನು ಕಲಿಸಿತೆಂಬುದು ನಿಜ. ಬಡತನ ಕಲಿಸಿದ್ದೆಲ್ಲ ಕೀಳೆಂಬುದು ನಿಜವಲ್ಲ. ತೇಪೆಯನ್ನು ಮಾನಹಾನಿಯೆಂದು ಈ ದೇಶದ ಹಿರಿಯರು ಎಣಿಸಿದ್ದೂ ಇಲ್ಲ. ಬುದ್ಧನ ಶಿಷ್ಯರು ಜನ ಎಸೆದ ಬಟ್ಟೆಯ ತುಂಡುಗಳನ್ನು ಆಯ್ದು, ತೊಳೆದು, ಮಗಧದ ಗದ್ದೆಗಳ ಬದುಗಳಂತೆ ಅವನ್ನು ಜೋಡಿಸಿ ಹೊಲಿದು ಚೀವರವನ್ನಾಗಿ ಉಡುತ್ತಿದ್ದರು. ಸೂಫಿ ಸಂತರ ನಿಲುವಂಗಿಯೂ ತೇಪೆಯದೇ. ಸಂತರ ಹೆಗಲ ಮೇಲೆ ಪೂಜ್ಯವಾದದ್ದು ಕೂಸಿನ ತೊಟ್ಟಿಲಲ್ಲಿ ಅವಮಾನವಾಗುವುದು ಹೇಗೆ?

ಹಳೆಯ ಬಟ್ಟೆಯನ್ನೇ ಏಕೆ ಆರಿಸಬೇಕು ಎಂಬ ಪ್ರಶ್ನೆಗೆ ನೇಕಾರಿಕೆಯೇ ಉತ್ತರ ಕೊಡುತ್ತದೆ. ಮಗ್ಗಕ್ಕೆ ಏರಿಸುವ ಹಾಸಿನ ಎಳೆಗಳು ತುಂಡಾಗದಿರಲೆಂದು ಅವಕ್ಕೆ ಗಂಜಿ ಹಚ್ಚುತ್ತಾರೆ. ಆದುದರಿಂದ ಹೊಸ ಬಟ್ಟೆ ಬಿರುಸಾಗಿರುತ್ತದೆ. ಅದರ ಬಣ್ಣವೂ ಎಷ್ಟೋ ವೇಳೆ ಮೊದಲ ಕೆಲವು ಒಗೆತಗಳವರೆಗೆ ಬಿಡುತ್ತಲೇ ಇರುತ್ತದೆ. ನೂರಾರು ಬಾರಿ ನೀರು ಕಂಡ ಹತ್ತಿಯ ಬಟ್ಟೆಯಲ್ಲಿ ಗಂಜಿಯ ಅಂಶವಾಗಲಿ ಹೆಚ್ಚಿನ ಬಣ್ಣವಾಗಲಿ ಉಳಿದಿರುವುದಿಲ್ಲ. ಅದು ಮೆತ್ತಗಾಗಿರುತ್ತದೆ, ತೇವವನ್ನು ಬೇಗ ಹೀರುತ್ತದೆ. ನವಜಾತ ಶಿಶುವಿನ ಚರ್ಮ ದೊಡ್ಡವರ ಚರ್ಮಕ್ಕಿಂತ ತೆಳುವಾದುದು; ಅದಕ್ಕೆ ಒಗ್ಗುವುದು ಇಂಥ ಬಟ್ಟೆಯೇ. ಕೂಸಿಗೆ ಚಳಿಯನ್ನು ತಡೆಯುವ ಬಲವೂ ಕಡಿಮೆ. ತೂಕಕ್ಕೆ ಹೋಲಿಸಿದರೆ ಅದರ ಮೈಯ ಹೊರಭಾಗ ಹೆಚ್ಚು. ಆದಕಾರಣ ಅದು ಬೇಗನೆ ಶಾಖವನ್ನು ಕಳೆದುಕೊಳ್ಳುತ್ತದೆ. ದೊಡ್ಡವರಂತೆ ನಡುಗಿ ಮೈಯನ್ನು ಬಿಸಿಮಾಡಿಕೊಳ್ಳುವುದೂ ಅದಕ್ಕೆ ಆಗದು. ಕೌದಿಯ ಪದರ ಪದರಗಳ ನಡುವೆ ಗಾಳಿ ಅಲುಗದೆ ನಿಲ್ಲುತ್ತದೆ. ನಿಂತ ಗಾಳಿಯ ಮೂಲಕ ಶಾಖ ಸುಲಭವಾಗಿ ಹಾಯುವುದಿಲ್ಲ. ಒಂದು ದಪ್ಪ ಬಟ್ಟೆಗಿಂತ ನಾಲ್ಕು ತೆಳು ಪದರಗಳು ಬೆಚ್ಚಗಿರುವುದರ ಗುಟ್ಟು ಇಷ್ಟೇ. ಈ ಕಾರಣವನ್ನು ಪುಸ್ತಕದ ಮಾತಿನಲ್ಲಿ ಹೇಳಲಾರದ ಅಜ್ಜಿಗೆ ಇದರ ಫಲ ಮಾತ್ರ ಚೆನ್ನಾಗಿ ಗೊತ್ತು.

ಹಳೆಯ ಬಟ್ಟೆಯ ಬಳಕೆಗೆ ಇನ್ನೊಂದು ಕಾರಣವೂ ಉಂಟು. ಅದು ಅಷ್ಟು ಸುಖದ ಮಾತಲ್ಲ. ಹುಟ್ಟಿದ ಕೂಡಲೆ ಕೂಸಿಗೆ ಹೊಸ ಬಟ್ಟೆ ಹಾಕಬಾರದು, ಹೆರಿಗೆಗೆ ಮುನ್ನ ಅದರ ಹೆಸರಿನಲ್ಲಿ ಏನನ್ನೂ ಕೊಂಡು ತರಬಾರದು ಎಂಬ ನಂಬಿಕೆ ಹಲವು ಮನೆಗಳಲ್ಲಿ ಇದೆ. ಕಣ್ಣು ತಾಗೀತೆಂದು ಹೇಳುತ್ತಾರೆ. ಈ ನಂಬಿಕೆಯನ್ನು ಮೂಢವೆಂದು ತಳ್ಳಿಹಾಕುವ ಮೊದಲು ಅದರ ಹಿಂದಿನ ದುಃಖವನ್ನು ನೋಡಬೇಕು. ೧೯೭೧ರಲ್ಲಿ ಭಾರತದಲ್ಲಿ ಜೀವಂತವಾಗಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ೧೨೯ ಶಿಶುಗಳು ಒಂದು ವರ್ಷ ತುಂಬುವ ಮುನ್ನವೇ ತೀರಿಕೊಳ್ಳುತ್ತಿದ್ದವು. ಎಂಟು ಕೂಸುಗಳಲ್ಲಿ ಒಂದು ಎಂದರೂ ಸಲ್ಲುತ್ತದೆ. ಅದಕ್ಕೂ ಹಿಂದಿನ ಕಾಲದಲ್ಲಿ ಸ್ಥಿತಿ ಇನ್ನೂ ಕಠಿಣವಾಗಿದ್ದಿತು. ತೊಟ್ಟಿಲು ಬರಿದಾದುದನ್ನು ಒಮ್ಮೆಯಲ್ಲ, ಎರಡು ಮೂರು ಬಾರಿ ಕಂಡ ಹೆಂಗಸು ಹೊಸ ಬಟ್ಟೆಯನ್ನು ಮುಂಚಿತವಾಗಿ ತರಲು ಹೆದರಿದರೆ ಆಶ್ಚರ್ಯವೇನು? ಅವಳು ಸದ್ದಿಲ್ಲದೆ ತನ್ನ ಹಳೆಯ ಸೀರೆಯನ್ನು ಮಡಿಸಿ ಹೊಲಿಯತೊಡಗುತ್ತಿದ್ದಳು. ಯಾರಾದರೂ ಕೇಳಿದರೆ ಮನೆಯ ಬಳಕೆಗೆ ಎನ್ನುತ್ತಿದ್ದಳು. ಹೊಸದನ್ನು ಕೊಂಡರೆ ಅದು ಬಹಿರಂಗವಾದ ಆಸೆ. ಹಳೆಯದನ್ನು ಹೊಲಿದರೆ ಅದು ಒಳಗಿನ ಆಸೆ. ೨೦೨೦ರ ವೇಳೆಗೆ ಆ ೧೨೯ರ ಸಂಖ್ಯೆ ೨೮ಕ್ಕೆ ಇಳಿದಿತ್ತು. ಲಸಿಕೆ, ಆಸ್ಪತ್ರೆಯ ಹೆರಿಗೆ, ತಾಯಂದಿರ ಶಿಕ್ಷಣ ಇವೆಲ್ಲವೂ ಸೇರಿ ಗಳಿಸಿದ ಗೆಲುವು ಅದು. ಹೆದರಿಕೆ ಇಳಿದುದು ಒಳ್ಳೆಯದೇ ಆಯಿತು. ಹೆದರಿಕೆಯೊಂದಿಗೆ ಕೌದಿಯೂ ಹೋಗಬೇಕೆಂಬ ನಿಯಮವೇನೂ ಇಲ್ಲ.

ಕೂಸಿನ ಕೌದಿಗೆ ಗಂಟಿನಲ್ಲಿರುವ ಎಲ್ಲ ಬಟ್ಟೆಯೂ ಸಲ್ಲದು. ಆರಿಸುವುದರಲ್ಲಿಯೇ ಅರ್ಧ ವಿದ್ಯೆ ಅಡಗಿದೆ. ಮೈಗೆ ತಗಲುವ ಪದರ ಹತ್ತಿಯದೇ ಆಗಬೇಕು. ಇಂದಿನ ಗಂಟುಗಳಲ್ಲಿ ಕೃತಕ ನೂಲಿನ ಸೀರೆಗಳೇ ಹೆಚ್ಚಾಗಿರುವುದರಿಂದ ಈ ಆಯ್ಕೆ ಮೊದಲಿಗಿಂತ ಕಷ್ಟವಾಗಿದೆ. ಅವು ತೇವವನ್ನು ಹೀರುವುದಿಲ್ಲ, ಬೆವರನ್ನು ಹಾಗೆಯೇ ಉಳಿಸುತ್ತವೆ. ಹತ್ತಿಯ ಒಡಲಿನ ಇಳಕಲ್ ಸೀರೆ ದೊರೆತರೆ ಅದೃಷ್ಟವೆನ್ನಬೇಕು. ಅದರ ರೇಷ್ಮೆಯ ಸೆರಗನ್ನು ಕತ್ತರಿಸಿ ಬೇರೆ ತೆಗೆದು, ಒಡಲನ್ನು ಒಳಗೂ ಹೊರಗೂ ಬಳಸಬಹುದು. ಅಜ್ಜನ ಧೋತರ ನಡುವಿನ ಪದರಕ್ಕೆ ಹೇಳಿ ಮಾಡಿಸಿದಂಥದು. ಜರಿಯಂಚು, ಗುಂಡಿ, ಹರಳು, ಕನ್ನಡಿ ಇವನ್ನೆಲ್ಲ ಬಿಚ್ಚಿ ತೆಗೆಯಬೇಕು. ದೊಡ್ಡವರ ಕೌದಿಗೆ ಅವು ಶೋಭೆಯಾದಾವು. ಕೂಸಿನ ಕೌದಿಯಲ್ಲಿ ಒಂದು ಕಿತ್ತುಬಂದರೂ ನೇರವಾಗಿ ಬಾಯಿಗೆ ಹೋಗುತ್ತದೆ. ಹೀಗೆ ಆರಿಸಿದ ಬಟ್ಟೆಯನ್ನು ಕುದಿವ ನೀರಿನಲ್ಲಿ ತೊಳೆದು, ಚೆನ್ನಾಗಿ ಬಿಸಿಲಿನಲ್ಲಿ ಒಣಗಿಸಿದ ಮೇಲೆಯೇ ಕತ್ತರಿ ಹಿಡಿಯುವುದು.

ಬಳಿಕ ನೆಲವನ್ನು ಗುಡಿಸಿ ಚಾಪೆ ಹಾಸಿ, ಅದರ ಮೇಲೆ ಅಡಿಪದರವನ್ನು ಸುಕ್ಕಿಲ್ಲದಂತೆ ಬಿಡಿಸುತ್ತಾರೆ. ಮೂಲೆಗಳಿಗೆ ಭಾರವಿಡುತ್ತಾರೆ. ನಡುವಿನ ಪದರಗಳನ್ನು ಹಾಸಿ, ಮೇಲೆ ತೇಪೆಗಳನ್ನು ಇಟ್ಟು, ಎಲ್ಲವೂ ಕದಲದಂತೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕುತ್ತಾರೆ. ನಿಜವಾದ ಹೊಲಿಗೆ ಆಮೇಲೆ. ಅದು ತೀರ ಸರಳವಾದುದು: ಸೂಜಿ ಕೆಳಗೆ ಮುಳುಗಿ ಮೇಲೆ ಏಳುತ್ತದೆ, ಮತ್ತೆ ಮುಳುಗುತ್ತದೆ. ನೋಡಿದವರು ಯಾರು ಬೇಕಾದರೂ ಮಾಡಬಹುದೆಂದುಕೊಳ್ಳುತ್ತಾರೆ. ಮಾಡಿ ನೋಡಿದರೆ ಕಷ್ಟ ತಿಳಿಯುತ್ತದೆ. ದಾರವನ್ನು ಬಿಗಿಯಾಗಿ ಎಳೆದರೆ ಬಟ್ಟೆ ಮುದುರುತ್ತದೆ. ಸಡಿಲ ಬಿಟ್ಟರೆ ಪದರಗಳು ಒಳಗೆ ಸರಿದು ಗಂಟಾಗುತ್ತವೆ. ಸಡಿಲವಾದ ದಾರದ ಕುಣಿಕೆಯಲ್ಲಿ ಕೂಸಿನ ಬೆರಳು ಸಿಕ್ಕಿಕೊಂಡರೆ ರಕ್ತಸಂಚಾರವೇ ನಿಲ್ಲಬಹುದು. ಆದುದರಿಂದ ಅನುಭವಸ್ಥೆಯಾದವಳು ದಾರದ ಗಂಟನ್ನು ಪದರಗಳ ನಡುವೆ ಅಡಗಿಸುತ್ತಾಳೆ. ಹೊಲಿಗೆಯನ್ನು ಚಿಕ್ಕದಾಗಿ, ಒತ್ತಾಗಿ ಹಾಕುತ್ತಾಳೆ. ಹೊಲಿಗೆಯ ಯಂತ್ರದಲ್ಲಿ ಇದೇ ಕೆಲಸವನ್ನು ಬೇಗ ಮಾಡಬಹುದು. ಬಿಡುವಿಲ್ಲದವರು ಮಾಡಿದರೆ ತಪ್ಪೇನೂ ಇಲ್ಲ. ಆದರೆ ಯಂತ್ರ ಎರಡು ದಾರಗಳನ್ನು ಬಿಗಿದು ಪದರಗಳನ್ನು ಒತ್ತಿಹಿಡಿಯುವುದರಿಂದ ಕೌದಿ ಸ್ವಲ್ಪ ಬಿರುಸಾಗುತ್ತದೆ. ಕೈಹೊಲಿಗೆಯ ಒಂದೇ ದಾರ ಬಟ್ಟೆಯೊಂದಿಗೆ ತಾನೂ ಬಳುಕುತ್ತದೆ. ಶಾಲೆಗಳಲ್ಲಿ ಸೂಜಿಕೆಲಸವನ್ನು ಬಹುಕಾಲ ಹುಡುಗಿಯರಿಗೆ ಮಾತ್ರ ಮೀಸಲಿಟ್ಟದ್ದು ಏಕೋ ತಿಳಿಯದು. ಊರಿನ ದರ್ಜಿಗಳಲ್ಲಿ ಗಂಡಸರೇ ಹೆಚ್ಚಾಗಿದ್ದ ಕಾಲದಲ್ಲಿಯೂ ಹಾಗೆಯೇ ನಡೆದಿತ್ತು!

ಈ ಸರಳ ಹೊಲಿಗೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲದ ಕೌದಿಯೊಂದನ್ನು ತೆಗೆದುಕೊಳ್ಳೋಣವೆಂದರೆ, ಅರ್ಧ ಅಂಗುಲಕ್ಕೊಂದು ಸಾಲಿನಂತೆ ಸುಮಾರು ೬೦ ಸಾಲುಗಳಾಗುತ್ತವೆ. ಒಂದು ಸಾಲಿನ ಉದ್ದ ೩೬ ಅಂಗುಲ. ಅಂಗುಲಕ್ಕೆ ನಾಲ್ಕರಂತೆ ಸಾಲಿಗೆ ೧೪೪ ಹೊಲಿಗೆಗಳು. ಒಟ್ಟು ೮,೬೪೦. ನಿಮಿಷಕ್ಕೆ ಇಪ್ಪತ್ತು ಹೊಲಿಗೆ ಹಾಕುವ ಚುರುಕಾದ ಕೈಗೂ ಇದಕ್ಕೆ ಏಳು ಗಂಟೆಗಳ ಮೇಲೆ ಹನ್ನೆರಡು ನಿಮಿಷ ಬೇಕು. ಬಟ್ಟೆ ಆರಿಸುವುದು, ತೊಳೆಯುವುದು, ಕತ್ತರಿಸುವುದು, ದಾರ ಪೋಣಿಸುವುದು ಇದರಲ್ಲಿ ಸೇರಿಲ್ಲ. ಕೂಸಿಗೆ ಒಂದು ಕೌದಿ ಸಾಲದು ಎಂಬುದನ್ನೂ ನೆನೆಯಬೇಕು. ಒದ್ದೆಯಾದದ್ದು ಒಣಗುವಷ್ಟರಲ್ಲಿ ಇನ್ನೊಂದು ಬೇಕು, ಮಳೆಗಾಲವಾದರೆ ಮತ್ತೂ ಒಂದೆರಡು ಬೇಕು.

ಕೌದಿಯ ಪರವಾಗಿ ಇಷ್ಟು ಹೇಳಿದ ಮೇಲೆ ವೈದ್ಯರ ಎಚ್ಚರಿಕೆಯನ್ನು ಮರೆಮಾಚುವುದು ನ್ಯಾಯವಲ್ಲ. ಕೂಸಿನ ಮೊದಲ ಬೆಚ್ಚಗೆ ತಾಯಿಯ ಮೈಯೇ ಹೊರತು ಯಾವ ಹೊದಿಕೆಯೂ ಅಲ್ಲ. ೧೯೭೮ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಎಡ್ಗರ್ ರೇ ಎಂಬ ವೈದ್ಯರು ತೂಕ ಕಡಿಮೆಯಿದ್ದ ಶಿಶುಗಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಗಲುವಂತೆ ಕಟ್ಟಿ ಕಾಪಾಡುವ ಕ್ರಮವನ್ನು ಆರಂಭಿಸಿದರು. ಇಂದು ಅದು ಜಗತ್ತಿನ ಎಲ್ಲೆಡೆ ಮನ್ನಣೆ ಪಡೆದಿದೆ. ಕೂಸು ನಿದ್ರಿಸುವಾಗ ದಪ್ಪವಾದ, ಸಡಿಲವಾದ ಹೊದಿಕೆ ಮುಖದ ಮೇಲೆ ಸರಿದರೆ ಉಸಿರು ಕಟ್ಟುವ ಅಪಾಯವಿದೆ. ಅದನ್ನು ಕೈಯಿಂದ ಸರಿಸುವ ಶಕ್ತಿ ಮೊದಲ ತಿಂಗಳುಗಳಲ್ಲಿ ಅದಕ್ಕಿರುವುದಿಲ್ಲ. ಶಿಶುಗಳನ್ನು ಬೆನ್ನ ಮೇಲೆ, ಅಂಗಾತವಾಗಿ ಮಲಗಿಸಬೇಕೆಂದು ೧೯೯೦ರ ದಶಕದಲ್ಲಿ ಬ್ರಿಟನ್, ಅಮೆರಿಕ ಮೊದಲಾದ ದೇಶಗಳಲ್ಲಿ ಪ್ರಚಾರ ನಡೆದ ಮೇಲೆ ನಿದ್ರೆಯಲ್ಲಿ ಹಠಾತ್ತಾಗಿ ಸಂಭವಿಸುವ ಶಿಶುಮರಣಗಳು ಬಹಳಮಟ್ಟಿಗೆ ತಗ್ಗಿದವು. ಹೀಗಿರುವಾಗ ಐದಾರು ಕೌದಿಗಳನ್ನು ಹೇರಿ ಕೂಸನ್ನು ಹೂಳುವಂತೆ ಮಾಡುವ ಪದ್ಧತಿಯನ್ನು ಸಂಪ್ರದಾಯದ ಹೆಸರಿನಲ್ಲಿ ಸಮರ್ಥಿಸಲಾಗದು. ಅಜ್ಜಿಗೆ ಇದನ್ನು ಹೇಳುವುದು ಸೊಸೆಗೆ ಕಷ್ಟ, ಆದರೂ ಹೇಳತಕ್ಕದ್ದು. ಮೊದಲ ವರ್ಷದಲ್ಲಿ ಕೌದಿಯ ಸ್ಥಾನ ನಿದ್ರಿಸುವ ಕೂಸಿನ ಮೇಲಲ್ಲ, ಕೆಳಗೆ. ಅಲ್ಲಿ ಅರಳೆ ತುಂಬದ, ಚಪ್ಪಟೆಯಾದ, ಒತ್ತು ಹೊಲಿಗೆಯ ಕೌದಿ ಅಂಗಡಿಯ ಉಬ್ಬು ಹಾಸಿಗೆಗಿಂತ ಲೇಸು.

ಹಳೆಯ ಸೀರೆಯ ಈ ಎರಡನೆಯ ಬಾಳು ಕರ್ನಾಟಕಕ್ಕೆ ಮಾತ್ರ ಸೇರಿದ್ದಲ್ಲ. ಬಂಗಾಳದಲ್ಲಿ ಇದಕ್ಕೆ ಕಾಂಥಾ ಎಂದು ಹೆಸರು. ಬಿಹಾರದ ಮುಜಫ್ಫರಪುರ ಜಿಲ್ಲೆಯ ಭುಸುರಾ ಮೊದಲಾದ ಹಳ್ಳಿಗಳಲ್ಲಿ ಸುಜನಿ ಎಂದು ಹೆಸರು; ಅದು ಮೂಲತಃ ಹುಟ್ಟಿದ ಕೂಸಿಗಾಗಿಯೇ ಹೊಲಿಯುತ್ತಿದ್ದ ಹೊದಿಕೆ. ಅಲ್ಲಿನವರ ನಂಬಿಕೆಯಲ್ಲಿ ಚಿಂದಿಗಳಿಗೂ ಒಬ್ಬ ದೇವಿಯುಂಟು. ಅವಳನ್ನು ಚಿತಿರಿಯಾ ಮಾ ಎನ್ನುತ್ತಾರೆ. ೧೯೮೦ರ ದಶಕದ ಕೊನೆಗೆ ಸುಜನಿಗೆ ಮತ್ತೆ ಜೀವ ಬಂದಾಗ, ಆ ಹೆಂಗಸರು ಹೂಬಳ್ಳಿಗಳ ಜೊತೆಗೆ ವರದಕ್ಷಿಣೆ, ಹೆಣ್ಣುಮಗುವಿನ ಓದು ಮುಂತಾದ ತಮ್ಮ ಬಾಳಿನ ವಿಷಯಗಳನ್ನೂ ದಾರದಲ್ಲಿ ಚಿತ್ರಿಸತೊಡಗಿದರು. ೨೦೦೬ರಲ್ಲಿ ಸುಜನಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಕರ್ನಾಟಕದಲ್ಲಿಯೇ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ವಾಸಿಸುವ ಸಿದ್ದಿ ಜನರ ಕೌದಿಗೆ ಬೇರೆಯೇ ಒಂದು ರೀತಿಯಿದೆ. ಸಿದ್ದಿಗಳ ಪೂರ್ವಿಕರು ಆಫ್ರಿಕದಿಂದ ಬಂದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡುಗಳಲ್ಲಿ ನೆಲೆಸಿದರು. ಸಿದ್ದಿ ಹೆಂಗಸು ತೇಪೆಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ಒಂದು ಸೀರೆಯನ್ನು ಹರವಿ, ಅದರ ಮೂಲೆಯಿಂದ ಮೊದಲುಮಾಡಿ, ಕೈಗೆ ಬಂದ ತುಂಡಿನ ಅಂಚನ್ನು ಮಡಿಸುತ್ತ, ಹೊಲಿಯುತ್ತ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾಳೆ. ನಾಲ್ಕು ಮೂಲೆಗಳಿಗೆ ಮಡಿಸಿದ ತುಂಡುಗಳ ತ್ರಿಕೋನವನ್ನಿಡುತ್ತಾಳೆ. ಅದಕ್ಕೆ ಹೂವು ಎಂದೇ ಹೆಸರು. ಆ ಹೂವಿಲ್ಲದೆ ಕೌದಿ ಮುಗಿಯುವುದಿಲ್ಲ. ಈ ಜನರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಕೌದಿಯ ಮೇಲೆ ಒಬ್ಬಳು ಶಿಲುಬೆಯನ್ನು ತೇಪೆಯಾಗಿ ಇಟ್ಟರೆ ಇನ್ನೊಬ್ಬಳು ಅರ್ಧಚಂದ್ರನನ್ನು ಇಡುತ್ತಾಳೆ. ಹೊಲಿಗೆ ಮಾತ್ರ ಇಬ್ಬರದೂ ಒಂದೇ. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಇವನ್ನು ಅಭ್ಯಾಸಮಾಡಿದ ಮೇಲೆ ಸಿದ್ದಿಗಳ ಕೌದಿಗಳು ದೂರದ ನ್ಯೂಯಾರ್ಕಿನಲ್ಲಿಯೂ ಪ್ರದರ್ಶಿತವಾದವು.

ಹೀಗೆ ಹೊರಗಿನವರು ಮೆಚ್ಚಿದಾಗ ಇನ್ನೊಂದು ಪ್ರಶ್ನೆ ಏಳುತ್ತದೆ. ಮೆಚ್ಚುಗೆಯ ಫಲ ಯಾರಿಗೆ ಸೇರಬೇಕು? ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಹಳ್ಳಿಯಲ್ಲಿಯೂ ಆಫ್ರಿಕ ಮೂಲದ ಹೆಂಗಸರು, ಗುಲಾಮರ ಮೊಮ್ಮಕ್ಕಳು, ಹರಿದ ಕೆಲಸದ ಬಟ್ಟೆಗಳಿಂದ ಹೊದಿಕೆಗಳನ್ನು ಹೊಲಿಯುತ್ತ ಬಂದವರು. ಚಳಿಗೆ ಹೊದೆಯಲೆಂದು ಹೊಲಿದ ಅವು ೨೦೦೨ರಲ್ಲಿ ದೊಡ್ಡ ವಸ್ತುಸಂಗ್ರಹಾಲಯಗಳ ಗೋಡೆಗಳನ್ನು ಏರಿದವು. ೨೦೦೬ರಲ್ಲಿ ಅವುಗಳ ಚಿತ್ರವಿರುವ ಅಂಚೆಚೀಟಿಗಳು ಹೊರಬಂದವು. ಮರುವರ್ಷವೇ ಕೆಲವರು ಹೊಲಿಗೆಗಾರ್ತಿಯರು ತಮಗೆ ಸಲ್ಲಬೇಕಾದ ಪಾಲು ಸಂದಿಲ್ಲವೆಂದು ನ್ಯಾಯಾಲಯಕ್ಕೆ ಹೋಗಬೇಕಾಯಿತು; ೨೦೦೮ರಲ್ಲಿ ಆ ವ್ಯಾಜ್ಯಗಳು ರಾಜಿಯಲ್ಲಿ ಮುಗಿದವು. ಕೌದಿಯನ್ನು ಚಿಂದಿಯೆಂದು ತಿರಸ್ಕರಿಸುವುದು ಒಂದು ಅನ್ಯಾಯವಾದರೆ, ಕಲೆಯೆಂದು ಹೊಗಳಿ ಹೊಲಿದವಳನ್ನು ಮರೆಯುವುದು ಇನ್ನೊಂದು. ಎರಡನೆಯದು ನಯವಾದ ಮಾತಿನಲ್ಲಿ ನಡೆಯುವುದರಿಂದ ಬೇಗ ಕಣ್ಣಿಗೆ ಬೀಳುವುದಿಲ್ಲ.

ಉತ್ತರ ಕರ್ನಾಟಕದಲ್ಲಿ ಊರಿಂದೂರಿಗೆ ಹೋಗಿ ಕೌದಿ ಹೊಲಿದುಕೊಡುವ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳಿದ್ದಾರೆ. ಅಟ್ಟದ ಗಂಟನ್ನು ಮನೆಯವರು ಅವರ ಮುಂದಿಡುತ್ತಾರೆ. ಹಿಂದೆ ಕಾಳುಕಡಿಗಳನ್ನೇ ಕೂಲಿಯಾಗಿ ಕೊಡುತ್ತಿದ್ದರು, ಈಗ ಹಣ ಕೊಡುತ್ತಾರೆ. ಇಂದು ಮನೆಯಲ್ಲಿ ಹೊಲಿಯುವ ಅಜ್ಜಿಯಿಲ್ಲದ ಎಷ್ಟೋ ತೊಟ್ಟಿಲುಗಳಿಗೆ ಇವರ ಸೂಜಿಯೇ ಗತಿ. ಕೂಲಿಯನ್ನು ಗೊತ್ತುಮಾಡುವ ಹೊತ್ತಿಗೆ ಬಾಗಿಲಿನಲ್ಲಿ ಬಹುಮಟ್ಟಿಗೆ ಒಂದೇ ಮಾತು ಕೇಳಿಬರುತ್ತದೆ: “ಅರಿವಿ ನಮ್ಮವೇ ಅದಾವು, ನಿಂದು ಬರೇ ದಾರ ಅಲ್ಲೇನವಾ?” ಏಳು ಅಡಿ ಉದ್ದ, ಐದು ಅಡಿ ಅಗಲದ ದೊಡ್ಡ ಕೌದಿಯೊಂದರಲ್ಲಿ ಆ ಬರೇ ದಾರ ೧೨೦ ಸಾಲುಗಳಲ್ಲಿ ೮೪೦ ಅಡಿ ದೂರ ಸಾಗಿ, ೪೦,೩೨೦ ಬಾರಿ ಮುಳುಗಿ ಏಳುತ್ತದೆ. ನಿಮಿಷಕ್ಕೆ ಇಪ್ಪತ್ತರಂತೆ ಅದು ಮೂವತ್ತಮೂರೂವರೆ ಗಂಟೆಗಳಿಗೂ ಮಿಕ್ಕ ಕೆಲಸ. ದಾರದ ಉಂಡೆಯ ಬೆಲೆ ಎಷ್ಟೇ ಇರಲಿ, ದಿನಕ್ಕೆ ಎಂಟು ಗಂಟೆಯಂತೆ ಹಿಡಿದರೂ ಸೂಜಿ ಹಿಡಿದ ಕೈಗೆ ಸಲ್ಲಬೇಕಾದದ್ದು ನಾಲ್ಕು ದಿನಗಳ ಪೂರ್ತಿ ಕೂಲಿ, ಐದನೆಯ ದಿನದ ಬೆಳಗಿನ ಒಂದೂವರೆ ಗಂಟೆಯದು ಬೇರೆ.